ಒಳಗೆ ಒಬ್ಬರಿದ್ದಾರೆ

ಹೋದ ತಿಂಗಳು ವೇಮಗಲ್‌ನ ಒಂದು ಕಾರ್ಖಾನೆಗೆ ಹೋಗಿದ್ದೆ. ಅಲ್ಲಿನ ಯಂತ್ರಗಳ ಬಗ್ಗೆ ಬರೆದುಕೊಡುವ ಕೆಲಸ ಸಿಗುವ ಹಾಗಿತ್ತು. ಮ್ಯಾನೇಜರು ಷೆಡ್ಡು ತೋರಿಸುತ್ತಾ ಮುಂದೆ ನಡೆಯುತ್ತಿದ್ದರು. ಗೋಡೆಯಾಚೆ ಎಲ್ಲೋ ಒಂದು ದೊಡ್ಡ ಫ್ಯಾನು ಶುರುವಾಯಿತು. ಮೊದಲು ಸಣ್ಣಗೆ ಗುಂಯ್ ಎಂದಿತು, ಆಮೇಲೆ ಸದ್ದು ಏರುತ್ತಾ ಹೋಗಿ ಒಂದೇ ಸಮನಾಯಿತು. ಅಷ್ಟರಲ್ಲಿ ನಾನು ನೆಲದ ಮೇಲೆ ಕೂತಿದ್ದೆ. ಯಾವಾಗ ಕೂತೆನೆಂದು ನನಗೇ ತಿಳಿಯಲಿಲ್ಲ.

"ಏನಾಯ್ತು ಮೇಡಮ್? ಬಿ.ಪಿ. ಏನಾದ್ರೂ ಇದ್ಯಾ?"

"ಇಲ್ಲ ಸಾರ್, ಬೆಳಿಗ್ಗೆ ತಿಂಡಿ ತಿಂದಿರ್ಲಿಲ್ಲ."

ಸುಳ್ಳು. ಕೋಲಾರದ ಬಸ್ ಸ್ಟ್ಯಾಂಡಿನ ಎದುರು ಇಡ್ಲಿ ತಿಂದೇ ಬಂದಿದ್ದೆ. ಎಂ.ಸಿ.ಎ. ಓದಿದ ಹೆಂಗಸು ಫ್ಯಾನಿನ ಸದ್ದಿಗೆ ಹೆದರಿದಳು ಎಂದು ಹೇಗೆ ಹೇಳುವುದು? ಹೇಳಿದರೂ ಅರ್ಧ ಮಾತ್ರ ನಿಜ. ಸದ್ದಿಗೆ ನಾನು ಹೆದರುವುದಿಲ್ಲ. ಅದನ್ನು ಯಾರು ಶುರುಮಾಡಿದರೆಂದು ಗೊತ್ತಾಗದೆ ಹೋದರೆ ಹೀಗೆ ಕೂತುಬಿಡುತ್ತೇನೆ.

ಇದೆಲ್ಲ ಕಳೆದ ವರ್ಷದ ಮಾವಿನ ಕಾಲದಿಂದ ಬಂದದ್ದು.

ಶ್ರೀನಿವಾಸಪುರದಿಂದ ಗೌನಿಪಲ್ಲಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನಾಗರೆಡ್ಡಿಯವರ ಹಣ್ಣು ಮಾಗಿಸುವ ಷೆಡ್ಡಿದೆ. ದಪ್ಪ ಗೋಡೆಯ, ಕಿಟಕಿಯಿಲ್ಲದ ಆರು ತಂಪು ಕೋಣೆಗಳು. ತೋಟದಿಂದ ಬಂದ ಕಾಯಿ ಕ್ರೇಟುಗಳಲ್ಲಿ ಒಳಹೋಗುತ್ತದೆ, ಕೆಲವು ದಿನದಲ್ಲಿ ಹಳದಿಯಾಗಿ ಹೊರಬರುತ್ತದೆ. ಹಿಂದೆಲ್ಲ ತಂಪು ಎಷ್ಟಿರಬೇಕು, ಮಾಗಿಸುವ ಅನಿಲ ಯಾವಾಗ ಬಿಡಬೇಕು ಎಂಬುದನ್ನು ನಾಗರೆಡ್ಡಿಯವರೇ ಮೂಸಿ ನೋಡಿ ಹೇಳುತ್ತಿದ್ದರು. ಕಳೆದ ವರ್ಷ ಬೆಂಗಳೂರಿನ ಒಂದು ಕಂಪನಿ ಬಂದು ಆ ಕೆಲಸವನ್ನು ಮೂರು ಎ.ಐ. ಏಜೆಂಟುಗಳಿಗೆ ವಹಿಸಿತು. ಒಂದು ತಂಪು ಮತ್ತು ಫ್ಯಾನು ನೋಡುವುದು, ಇನ್ನೊಂದು ಅನಿಲ, ಮತ್ತೊಂದು ಯಾವ ಲೋಡು ಯಾವ ಕೋಣೆಗೆ ಎಂದು ತೀರ್ಮಾನಿಸುವುದು.

ಕ್ರೇಟು ಜೋಡಿಸುವ ಹೆಂಗಸರ ಮುಖ್ಯಸ್ಥೆ ವೆಂಕಟಲಕ್ಷ್ಮಮ್ಮ ಮೊದಲ ದಿನವೇ ಕೇಳಿದ್ದರು: "ಮಾವಿನ ಮಂಡೀಲಿರೋ ಏಜೆಂಟ್ರು ಸಾಲ್ದು ಅಂತ ಇನ್ನೂ ಮೂರು ಜನಾನಾ? ಇವಕ್ಕೂ ಕಮಿಷನ್ ಕೊಡ್ಬೇಕಾ ತಲ್ಲೀ?"

ನಾನು ಮುಳಬಾಗಿಲಿನವಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಬರುತ್ತಿದ್ದೆ. ಈ ಏಜೆಂಟುಗಳ ಕೈಗೆ ಕೊಟ್ಟ ಒಂದೊಂದು ಸಾಧನದ ಬಗ್ಗೆಯೂ ವಿವರಣೆ ಬರೆಯುವುದು ನನ್ನ ಕೆಲಸ. ಫ್ಯಾನು ಓಡಿಸುವುದು ಒಂದು ಸಾಧನ. ಅನಿಲ ಬಿಡುವುದು ಒಂದು. ಪ್ರತಿಯೊಂದೂ ಏನು ಮಾಡುತ್ತದೆ, ಯಾವಾಗ ಬಳಸಬೇಕು, ಯಾವಾಗ ಬಳಸಬಾರದು, ಅದಕ್ಕೆ ಮುಂಚೆ ಏನನ್ನು ನೋಡಬೇಕು ಎಂದು ಸರಳ ವಾಕ್ಯಗಳಲ್ಲಿ ಬರೆಯಬೇಕು. ಏಜೆಂಟು ಅದನ್ನು ಓದಿಕೊಂಡು ಕೆಲಸಕ್ಕೆ ಇಳಿಯುತ್ತದೆ. ಬರೆದದ್ದು ಅದಕ್ಕೆ ಗೊತ್ತು, ಬರೆಯದೆ ಬಿಟ್ಟದ್ದು ಅದರ ಪಾಲಿಗೆ ಲೋಕದಲ್ಲೇ ಇಲ್ಲ. ಇಂಗ್ಲಿಷಿನಲ್ಲಿ ಬರೆದು, ಷೆಡ್ಡಿನವರಿಗಾಗಿ ಕನ್ನಡದಲ್ಲೂ ಓದಿ ಹೇಳುತ್ತಿದ್ದೆ. ಕೆಲಸ ಇಷ್ಟವಾಗಿತ್ತು. ಬರೆದ ಮಾತು ಸಂಜೆಯೊಳಗೆ ನಡೆಯುವುದನ್ನು ನೋಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಮೂರೂ ಏಜೆಂಟುಗಳು ಒಂದೇ ಕೋಣೆಗೆ ಒಟ್ಟಿಗೆ ಕೈಹಾಕಬಾರದು. ಅದಕ್ಕೊಂದು ಪದ್ಧತಿ ಇತ್ತು. ಕೆಲಸ ಶುರುಮಾಡುವ ಮುಂಚೆ ಏಜೆಂಟು ಆ ಕೋಣೆಯನ್ನು ತನ್ನ ಹೆಸರಿನಲ್ಲಿ ಹಿಡಿಯಬೇಕು, ಮುಗಿದ ಮೇಲೆ ಬಿಡಬೇಕು. ಬೇರೆಯವರು ಹಿಡಿದಿದ್ದರೆ ಕಾಯಬೇಕು. ಇದನ್ನು ಓದಿ ಹೇಳಿದಾಗ ಮೊದಲು ತಲೆಯಾಡಿಸಿದವರು ಫಿಟ್ಟರ್ ಬಾಬಾಜಾನ್. ಐವತ್ತು ದಾಟಿದ ಮನುಷ್ಯ, ಶ್ರೀನಿವಾಸಪುರದವರು. ಷೆಡ್ಡಿನ ಮೋಟರು, ಫ್ಯಾನು, ಪಂಪು ಎಲ್ಲ ಅವರ ಕೈಯಲ್ಲೇ.

"ಹೌ, ಗೊತ್ತಾಯ್ತು. ಬಸ್ಸಲ್ಲಿ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿದಂಗೆ. ಇಷ್ಟಕ್ಕೆ ಎಂ.ಸಿ.ಎ. ಬೇಕಾ ಶೈಲಮ್ಮಾ?"

"ಟವಲ್ ಹಾಕಿರೋ ಸೀಟಲ್ಲಿ ನೀವು ಯಾವತ್ತೂ ಕೂತಿಲ್ವಾ ಭಾಯ್?"

"ಕೂತಿದ್ದೀನಿ. ಹೊಡೆದಾಡಿದ್ದೀನಿ ಕೂಡ."

ಬೇನಿಷಾ ಮಾವು ಬರಲು ಶುರುವಾದ ವಾರ ಒಂದು ಅನಾಹುತವಾಯಿತು. ಅನಿಲದ ಏಜೆಂಟು ಎರಡನೇ ಕೋಣೆಯನ್ನು ಹಿಡಿದುಕೊಂಡು ಹಾಗೇ ನಿಂತುಹೋಯಿತು. ಅದರ ಪ್ರೋಗ್ರಾಮು ಎಲ್ಲೋ ಸಿಕ್ಕಿಕೊಂಡಿತ್ತು. ಕೋಣೆ ಬೇರೆಯವರ ಬಳಿ ಇದೆ ಎಂದು ತಂಪಿನ ಏಜೆಂಟು ಸಭ್ಯವಾಗಿ ಕಾಯುತ್ತಲೇ ಇತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಬಿಸಿ ಹಬೆ ಮುಖಕ್ಕೆ ಬಡಿಯಿತು. ಅರ್ಧಕ್ಕರ್ಧ ಹಣ್ಣು ಮೆತ್ತಗಾಗಿತ್ತು. ನಾಗರೆಡ್ಡಿಯವರು ತಲೆಯ ಮೇಲೆ ಕೈಹೊತ್ತು ಹೊರಗಿನ ಹುಣಸೆ ಮರದ ಕೆಳಗೆ ಕೂತರು. ಅಲ್ಲೇ ಎಲ್ಲರೂ ಸೇರಿದೆವು. ಕಂಪನಿಯ ಹುಡುಗರು ಫೋನಿನಲ್ಲಿ ಒಂದು ದಾರಿ ಹೇಳಿದರು. ಹಿಡಿದವರು ಆಗಾಗ 'ಇದ್ದೇನೆ' ಎಂದು ತಿಳಿಸುತ್ತಿರಬೇಕು. ಕಾಲು ಗಂಟೆ ಸುಮ್ಮನಿದ್ದರೆ ಹೋದರು ಎಂದು ಲೆಕ್ಕ, ಕೋಣೆ ಬೇರೆಯವರಿಗೆ.

"ಸರಿಯಾಗಿದೆ," ಎಂದರು ಬಾಬಾಜಾನ್. "ಟವಲ್ ಹಾಕ್ಬಿಟ್ಟು ಟೀ ಕುಡಿಯಕ್ಕೆ ಹೋದೋನು ಬರಲೇ ಇಲ್ಲ. ಬಸ್ಸು ಹೊರಟೇಬಿಡ್ತು. ಆಗ ನಿಂತಿರೋನು ಕೂತ್ಕೊಳ್ಳಲೇಬೇಕಲ್ಲ?"

ಎಲ್ಲರೂ ನಕ್ಕೆವು. ನಾನು ಅದನ್ನು ಬರೆದು ಸೇರಿಸಿದೆ. ಆ ನಿಯಮವನ್ನು ಇವತ್ತಿಗೂ ತಪ್ಪು ಎನ್ನಲಾರೆ. ರಾತ್ರಿ ನಿದ್ದೆ ಬಾರದೆ ಎಷ್ಟು ಸಲ ತಿರುಗಿಸಿ ನೋಡಿದರೂ ಆ ಹುಣಸೆ ಮರದ ಕೆಳಗೆ ಯಾರೂ ದಡ್ಡರಾಗಿರಲಿಲ್ಲ.

ಇನ್ನೊಂದು ಸಂಗತಿ ಇದೆ. ಬಾಬಾಜಾನ್ ಹಿಂದೆಲ್ಲ ಯಾವ ಕೋಣೆಯ ಫ್ಯಾನು ಮುಟ್ಟುವುದಿದ್ದರೂ ಮೊದಲು ಪ್ಯಾನಲ್ಲಿಗೆ ಹೋಗಿ ಆ ಕೋಣೆಯ ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಏಜೆಂಟುಗಳು ಬಂದಮೇಲೆ ಅದು ತೊಂದರೆಯಾಯಿತು. ಫ್ಯೂಸು ಕಿತ್ತ ಕೂಡಲೇ ಕೋಣೆ ಕೆಟ್ಟಿತೆಂದು ತಿಳಿದು ಮೂರೂ ಗಾಬರಿಯಾಗಿ ಲೋಡುಗಳನ್ನೆಲ್ಲ ಅದಲು ಬದಲು ಮಾಡತೊಡಗುತ್ತಿದ್ದವು. ಕಾಯಿ ಹೊತ್ತ ಹೆಂಗಸರು ಆ ಬಾಗಿಲಿಂದ ಈ ಬಾಗಿಲಿಗೆ ಅಲೆಯುತ್ತಿದ್ದರು. ಹಾಗಾಗಿ ಬಾಬಾಜಾನರಿಗೂ ಫೋನಿನಲ್ಲಿ ಒಂದು ಗುಂಡಿ ಕೊಟ್ಟರು. ಒಳಹೋಗುವ ಮುಂಚೆ ಅವರೂ ಏಜೆಂಟುಗಳ ಹಾಗೆ ಕೋಣೆ ಹಿಡಿಯಬಹುದು, 'ಇದ್ದೇನೆ' ಎಂದು ಹೇಳುತ್ತಿರುವುದನ್ನು ಫೋನೇ ನೋಡಿಕೊಳ್ಳುತ್ತದೆ. ಅವರಿಗೆ ಖುಷಿಯಾಗಿತ್ತು. "ನಂಗೂ ಅವಕ್ಕೂ ಒಂದೇ ಮರ್ಯಾದೆ ನೋಡು," ಎನ್ನುತ್ತಿದ್ದರು.

ತೋತಾಪುರಿಯ ಸುಗ್ಗಿ ಜೋರಾದ ದಿನಗಳು ಅವು. ರಸ್ತೆಯ ಎರಡೂ ಬದಿ ಟ್ರ್ಯಾಕ್ಟರುಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಬೆಳಿಗ್ಗೆಯಿಂದ ಉರಿಬಿಸಿಲು, ಮಧ್ಯಾಹ್ನವಾದರೆ ಆಂಧ್ರದ ಕಡೆಯಿಂದ ಕೆಂಧೂಳೆಬ್ಬಿಸುವ ಗಾಳಿ. ಆ ದಿನ ನಾಲ್ಕನೇ ಕೋಣೆಯ ಫ್ಯಾನು ಕಿರುಗುಟ್ಟುತ್ತಿದೆ ಎಂದು ಬಾಬಾಜಾನ್ ಏಣಿ ತಂದರು. ನಾನು ಕೋಣೆಗಳ ಮುಂದಿನ ಓಣಿಯಲ್ಲಿ ಮೇಜು ಹಾಕಿಕೊಂಡು ಲ್ಯಾಪ್‌ಟಾಪು ನೋಡುತ್ತಿದ್ದೆ. ಅವರು ಫೋನಿನ ಗುಂಡಿ ಒತ್ತಿ, ನನಗೂ ತೋರಿಸಿ ಒಳಗೆ ಹೋದರು. ತೆರೆದ ಬಾಗಿಲಿಂದ ಅವರು ಏಣಿಯ ಮೇಲೆ ನಿಂತು ಫ್ಯಾನಿನ ಜಾಲರಿ ಬಿಚ್ಚುವುದು ಕಾಣುತ್ತಿತ್ತು. ತಮಗೆ ತಾವೇ ಏನೋ ಬೈದುಕೊಳ್ಳುವುದು ಕೇಳುತ್ತಿತ್ತು.

ಆಮೇಲೆ ಗಾಳಿ ತಿರುಗಿ ಮಳೆ ಬಂತು. ಓಣಿಯ ತುದಿಯಿಂದ ಎರಚಲು ನುಗ್ಗಿತು. ಲೋಡು ಇಳಿಸುತ್ತಿದ್ದ ವೆಂಕಟಲಕ್ಷ್ಮಮ್ಮ ಓಡಿಬಂದು, "ಅಣ್ಣಾ, ಹಣ್ಣು ನೆನೀತದೆ, ಬಾಗ್ಲು ಎಳೀತೀನಿ," ಎಂದರು. ಒಳಗಿಂದ "ಎಳಿ, ಎಳಿ, ಲೈಟಿದೆ," ಎಂದರು ಬಾಬಾಜಾನ್. ದಪ್ಪ ಬಾಗಿಲು ಮುಚ್ಚಿತು. ನಾನು ನೋಡಿದೆ. ಅದರಲ್ಲಿ ಹೆದರುವಂಥದ್ದು ಏನೂ ನನಗೆ ಕಾಣಲಿಲ್ಲ.

ಆ ಗೋಡೆಗಳ ಒಳಗೆ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಅದುವರೆಗೆ ಬಾಬಾಜಾನ್ ಬಾಗಿಲು ತೆರೆದಿಟ್ಟುಕೊಂಡೇ ಕೆಲಸ ಮಾಡಿದ್ದರಿಂದ ಯಾರಿಗೂ ಅದು ತಿಳಿದಿರಲಿಲ್ಲ. ಜೇಬಿನ ಫೋನು 'ಇದ್ದೇನೆ' ಎನ್ನುತ್ತಲೇ ಇತ್ತು. ಹೊರಗೆ ಯಾರಿಗೂ ಕೇಳುತ್ತಿರಲಿಲ್ಲ.

ತಗಡಿನ ಮೇಲೆ ಮಳೆಯ ಸದ್ದು. ಲ್ಯಾಪ್‌ಟಾಪಿನ ಪರದೆಯ ಮೇಲೆ ಒಂದು ಸಾಲು ಮೂಡಿತು. ನಾಲ್ಕನೇ ಕೋಣೆ ಹಿಡಿದವರಿಂದ ಸುದ್ದಿಯಿಲ್ಲ, ಕೋಣೆ ಬಿಡುವಾಗಿದೆ. ಅದರ ಕೆಳಗೆ ತಂಪಿನ ಏಜೆಂಟಿನದು: ಬಾಗಿಲು ಮುಚ್ಚಿದೆ, ಬಿಸಿ ಏರುತ್ತಿದೆ, ಕೋಣೆ ಹಿಡಿದಿದ್ದೇನೆ, ಫ್ಯಾನು ಓಡಿಸುತ್ತೇನೆ.

ಇಲ್ಲಿಗೆ ಬಂದಾಗಲೆಲ್ಲ ನನ್ನ ಮನಸ್ಸು ನಿಂತುಬಿಡುತ್ತದೆ. ಯಾಕೆಂದರೆ ಆ ಸಾಲುಗಳನ್ನು ಓದಿದಾಗ ನನಗೆ ಮೊದಲು ಆದದ್ದು ಸಮಾಧಾನ. ಎಷ್ಟು ಅಚ್ಚುಕಟ್ಟಾಗಿ, ಬರೆದದ್ದನ್ನು ಬರೆದ ಹಾಗೆ ಪಾಲಿಸಿದೆ ಎಂದುಕೊಂಡೆ. ಒಂದು ಉಸಿರಿನಷ್ಟು ಹೊತ್ತು ಇರಬಹುದು. ಆಮೇಲೆ ಬಾಗಿಲು ನೋಡಿದೆ, ಅದರ ಪಕ್ಕದ ನಾಲ್ಕು ಎಂಬ ಅಂಕಿ ನೋಡಿದೆ.

ಗೋಡೆಯೊಳಗಿಂದ ಗುಂಯ್ ಎಂದಿತು.

ನಿಲ್ಲಿಸು ಎಂದು ಒತ್ತಿದೆ. ಉತ್ತರ ಬಂತು: ಈ ಕೋಣೆ ಬೇರೊಬ್ಬರ ಬಳಿ ಇದೆ, ದಯವಿಟ್ಟು ಅವರು ಮುಗಿಸುವವರೆಗೆ ಕಾಯಿರಿ. ಮತ್ತೆ ಒತ್ತಿದೆ. ಮತ್ತೆ ಅದೇ. ದಯವಿಟ್ಟು ಎಂಬ ಮಾತನ್ನು ಸೇರಿಸಿದವಳು ನಾನೇ, ಓದಲು ಚೆನ್ನಾಗಿರಲಿ ಎಂದು. ಮೇಜು ತಳ್ಳಿ ಪ್ಯಾನಲ್ಲಿಗೆ ಓಡಿದೆ. ಓಣಿ ಒದ್ದೆಯಾಗಿತ್ತು, ಜಾರಿ ಬಿದ್ದು ಎದ್ದೆ. ಆರು ಕೋಣೆಗಳ ಫ್ಯೂಸುಗಳಲ್ಲಿ ನಾಲ್ಕನೆಯದು ಯಾವುದೆಂದು ಹುಡುಕುವ ಧೈರ್ಯವಾಗಲಿಲ್ಲ. ಮೇನ್ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗೆ ಎಳೆದೆ. ಇಡೀ ಷೆಡ್ಡು ಸತ್ತುಹೋಯಿತು. ಮಳೆಯೊಂದೇ ಉಳಿಯಿತು.

ವೆಂಕಟಲಕ್ಷ್ಮಮ್ಮನೂ ನಾನೂ ಬಾಗಿಲು ಎಳೆದೆವು. ಒಳಗೆ ಕತ್ತಲು, ಹಣ್ಣಿನ ಘಾಟು ವಾಸನೆ. ವೆಂಕಟಲಕ್ಷ್ಮಮ್ಮನ ಫೋನಿನ ಬೆಳಕಿನಲ್ಲಿ ಮೊದಲು ಉರುಳಿದ ಏಣಿ ಕಂಡಿತು, ಆಮೇಲೆ ಕಾಲುಗಳು. ಬಾಬಾಜಾನ್ ಬಲಗೈಯಿಂದ ನೇತಾಡುತ್ತಿದ್ದರು. ತುಂಬುತೋಳಿನ ಅಂಗಿ ಫ್ಯಾನಿನ ಅಚ್ಚಿಗೆ ಸುತ್ತಿಕೊಂಡು ಮೊಣಕೈವರೆಗೆ ಎಳೆದಿತ್ತು. ಕಾಲ ತುದಿ ಕ್ರೇಟಿಗೆ ತಾಗಿಯೂ ತಾಗದ ಹಾಗೆ. ಕೂಗುತ್ತಿರಲಿಲ್ಲ. ನಾವು ಕ್ರೇಟು ಒಟ್ಟಿ ಅವರ ಕಾಲಿಗೆ ಆಸರೆ ಕೊಟ್ಟು, ಕಾಯಿ ಕೊಯ್ಯುವ ಚಾಕುವಿನಿಂದ ಅಂಗಿ ಹರಿಯುವಾಗ ಅವರು ಒಂದೇ ಮಾತು ಕೇಳಿದರು.

"ಯಾರು ಹಾಕಿದ್ದು?"

"ಯಾರೂ ಹಾಕಿಲ್ಲಣ್ಣಾ," ಎಂದರು ವೆಂಕಟಲಕ್ಷ್ಮಮ್ಮ, ಅಳುತ್ತಾ.

"ಯಾರೂ ಹಾಕ್ದೆ ಹೆಂಗಮ್ಮಾ ತಿರುಗ್ತದೆ? ಯಾರು ಹಾಕಿದ್ದು ಹೇಳು."

ಕ್ರೇಟು ಇಳಿಸಿದ ಟೆಂಪೋದಲ್ಲೇ ಕೋಲಾರಕ್ಕೆ ಕರೆದೊಯ್ದೆವು. ದಾರಿಯುದ್ದಕ್ಕೂ ಅದೇ ಪ್ರಶ್ನೆ. ಮಳೆಗೆ ರಸ್ತೆ ಕಾಣುತ್ತಿರಲಿಲ್ಲ, ಡ್ರೈವರು ಕಿಟಕಿಯಿಂದ ತಲೆ ಹೊರಹಾಕಿ ಓಡಿಸುತ್ತಿದ್ದ. ಬಾಬಾಜಾನರ ಕೈಗೆ ಸುತ್ತಿದ್ದ ನನ್ನ ವೇಲು ಬಣ್ಣ ಬದಲಾಗುವುದನ್ನು ನೋಡುತ್ತಾ ನಾನು ಉತ್ತರ ಹುಡುಕುತ್ತಿದ್ದೆ. ಯಾರು ಹಾಕಿದ್ದು? ಬಾಗಿಲು ಎಳೆದವರು ಹಣ್ಣು ಉಳಿಸಲು ಎಳೆದರು. ಏಜೆಂಟು ಓದಿದಂತೆ ಮಾಡಿತು. ನಿಯಮ ಮಾಡಿದವರ ನಡುವೆ ಬಾಬಾಜಾನರೂ ಕೂತಿದ್ದರು. ಇವತ್ತಿಗೂ ಯಾರದಾದರೂ ಒಂದು ಹೆಸರು ಸಿಕ್ಕಿದ್ದರೆ ನನಗೆ ನಿದ್ದೆ ಬರುತ್ತಿತ್ತೇನೋ.

ಕೈ ಉಳಿಯಿತು. ಎರಡು ಬೆರಳಿನ ಹಿಡಿತ ಹೋಯಿತು. ಕಂಪನಿಯಿಂದ ಫೋನು ಬಂತು. "ಎಲ್ಲ ಚೆಕ್ ಮಾಡಿದ್ವಿ ಮೇಡಮ್, ಏಜೆಂಟ್‌ಗಳು ಡಾಕ್ಯುಮೆಂಟ್ ಪ್ರಕಾರವೇ ನಡ್ಕೊಂಡಿವೆ." ಆ ದನಿಯಲ್ಲಿದ್ದ ನೆಮ್ಮದಿ ನನಗೆ ಅರ್ಥವಾಯಿತು. ಅದೇ ನೆಮ್ಮದಿ ಓಣಿಯಲ್ಲಿ ಒಂದು ಉಸಿರಿನ ಹೊತ್ತು ನನಗೂ ಸಿಕ್ಕಿತ್ತಲ್ಲ.

ಸುಗ್ಗಿ ನಿಲ್ಲಲಿಲ್ಲ. ಟ್ರ್ಯಾಕ್ಟರುಗಳು ಬರುತ್ತಲೇ ಇದ್ದವು. ನಾನು ವಿವರಣೆಯನ್ನು ತಿದ್ದಿದೆ. ತಿದ್ದಿದ್ದು ನಾಲ್ಕೇ ಮಾತು. ಕೋಣೆ ಹಿಡಿದವರು ಮನುಷ್ಯರಾಗಿದ್ದರೆ ಅವರ ಮೌನವನ್ನು ಹೊರಟುಹೋದರು ಎಂದು ತಿಳಿಯಬೇಡಿ. ಒಳಗೆ ಒಬ್ಬರಿದ್ದಾರೆ ಎಂದೇ ತಿಳಿಯಿರಿ. ಅವರು ತಾವಾಗಿ ಬಿಡುವವರೆಗೆ ಏನನ್ನೂ ಮುಟ್ಟಬೇಡಿ. ಎಷ್ಟು ಹೊತ್ತಾದರೂ ಸರಿ.

ನಾಗರೆಡ್ಡಿಯವರಿಗೆ ಓದಿ ಹೇಳಿದೆ. ಅವರು ಕೆಟ್ಟವರಲ್ಲ. ಆಸ್ಪತ್ರೆಯ ಖರ್ಚನ್ನು ಯಾರೂ ಕೇಳುವ ಮುಂಚೆಯೇ ಕೊಟ್ಟಿದ್ದರು.

"ಏಮಮ್ಮಾ, ಎಷ್ಟು ಹೊತ್ತಾದ್ರೂ ಅಂದ್ರೆ? ಮನುಷ್ಯ ಮರೀತಾನೆ. ಗುಂಡಿ ಒತ್ತಿ ಮನೆಗೆ ಹೋಗ್ಬಿಟ್ರೆ?"

"ಕಾಯುತ್ವೆ ಸಾರ್."

"ಹಣ್ಣು?"

"ಕೆಡುತ್ತೆ."

"ಕೆಡ್ಲಿ ಅಂತೀಯಾ? ಹಿಂದಿನ ಸಲ ಎರಡನೇ ಕೋಣೆ ಹೋದಾಗ ನೀನೇ ತಾನೆ ಬರೆದಿದ್ದು, ಕಾಲು ಗಂಟೆ ಅಂತ?"

"ಅದು ಏಜೆಂಟ್‌ಗಳಿಗೆ ಇರ್ಲಿ ಸಾರ್. ಮನುಷ್ಯರಿಗೆ ಬೇಡ."

"ಅರ್ಧ ಗಂಟೆ ಮಾಡು."

"ಆಗಲ್ಲ ಸಾರ್."

"ಒಂದು ಗಂಟೆ ಮಾಡಮ್ಮಾ. ಒಂದು ಗಂಟೆ ಒಳಗಿದ್ದು ಯಾರು ಏನ್ ಮಾಡ್ತಾರೆ?"

 ಎಷ್ಟು ಹೊತ್ತು ಎಂದು ಬರೆದರೂ ಅದರಾಚೆ ಒಂದು ನಿಮಿಷವಿದೆ, ಆ ನಿಮಿಷದಲ್ಲಿ ಬಾಬಾಜಾನ್ ಏಣಿಯ ಮೇಲಿರುತ್ತಾರೆ ಎಂದು ಹೇಳಬೇಕಿತ್ತು. ಬಾಯಿಗೆ ಬಂದದ್ದು ಬೇರೆ: "ಹಾಗಾದ್ರೆ ನೀವೇ ಬರೆದ್ಕೊಳ್ಳಿ. ನಾನು ಬರೆಯಲ್ಲ." ಅವರು ಹೊರಗೆ ಸಾಲುನಿಂತ ಟ್ರ್ಯಾಕ್ಟರುಗಳ ಕಡೆ ನೋಡಿದರು. "ಸರಿ, ಹಂಗೇ ಇರ್ಲಿ," ಎಂದು ಎದ್ದುಹೋದರು.

ಬಾಬಾಜಾನ್ ಕೊನೆಯ ನೀಲಂ ಮಾವು ಬರುವ ಹೊತ್ತಿಗೆ ಕೆಲಸಕ್ಕೆ ಮರಳಿದರು. ಎಡಗೈಯಲ್ಲಿ ಸ್ಪಾನರ್ ಹಿಡಿಯುವುದನ್ನು ಕಲಿತಿದ್ದರು. ಈಗ ಫ್ಯೂಸೂ ಕೀಳುತ್ತಿದ್ದರು, ಫೋನಿನಲ್ಲೂ ಹಿಡಿಯುತ್ತಿದ್ದರು. ಏಜೆಂಟುಗಳು ಗಾಬರಿಯಾಗದಂತೆ ಅದಕ್ಕೂ ವಿವರಣೆ ಬರೆದೆ. ಅವರು ಒಳಗಿದ್ದಷ್ಟು ಹೊತ್ತೂ ನಾನು ಬಾಗಿಲ ಬಳಿ ನಿಂತು ಕೂಗುತ್ತಿದ್ದೆ.

"ಭಾಯ್?"

"ಇದ್ದೀನಿ."

ಸ್ವಲ್ಪ ಹೊತ್ತಿಗೆ ಮತ್ತೆ, "ಭಾಯ್?"

"ಅರೇ, ಇದ್ದೀನಮ್ಮಾ! ಹಿಂಗೆ ಕೂಗ್ತಿದ್ರೆ ನಟ್ಟು ಯಾವುದು ಬೋಲ್ಟು ಯಾವುದು ಮರ್ತೋಗ್ತದೆ. ನೀನು ಹೋಗಿ ಟೀ ಕುಡಿ."

ಹೋಗುತ್ತಿರಲಿಲ್ಲ. ಮನೆಯಲ್ಲೂ ಅಷ್ಟೆ, ಅಮ್ಮ ಸ್ನಾನಕ್ಕೆ ಹೋದರೆ ಬಾಗಿಲು ಬಡಿದು ಮಾತಾಡಿಸುತ್ತಿದ್ದೆ. "ನಿಂಗೇನ್ ಬಂತೇ?" ಎಂದು ಬೈಯುತ್ತಿದ್ದರು.

ಸುಗ್ಗಿ ಮುಗಿಯುತ್ತಾ ಬಂದಿತ್ತು. ಆ ಸೋಮವಾರ ಷೆಡ್ಡಿಗೆ ಬಂದು ಲ್ಯಾಪ್‌ಟಾಪು ತೆರೆದೆ. ಪರದೆಯ ತುಂಬ ಒಂದೇ ಸಾಲು. ಮೂರನೇ ಕೋಣೆ. ಒಳಗೆ ಒಬ್ಬರಿದ್ದಾರೆ. ಕಾಯುತ್ತಿದ್ದೇನೆ. ಮೇಲಕ್ಕೆ ಸರಿಸಿದೆ. ಒಳಗೆ ಒಬ್ಬರಿದ್ದಾರೆ. ಕಾಯುತ್ತಿದ್ದೇನೆ. ಭಾನುವಾರ ಹಗಲಿಡೀ ಅದೇ, ರಾತ್ರಿಯೂ ಅದೇ. ಶನಿವಾರ ಸಂಜೆ ನಾನು ಬಸ್ಸಿಗೆ ಹೊರಟ ಮೇಲಿನಿಂದ. ಹಿಡಿದವರ ಹೆಸರು ಬಾಬಾಜಾನ್.

ಭಾನುವಾರ ಷೆಡ್ಡಿನಲ್ಲಿ ಕಾವಲುಗಾರನ ಹೊರತು ಯಾರೂ ಇರುವುದಿಲ್ಲ. ನಾಗರೆಡ್ಡಿಯವರ ಫೋನಿಗೆ ಏಜೆಂಟು ಕಳಿಸಿದ ಸಂದೇಶಗಳನ್ನು ಅವರು ನೋಡಿರಲಿಲ್ಲ. ಶನಿವಾರ ಸಂಜೆಯಿಂದ ಆ ಮನುಷ್ಯ ಒಳಗೆ. ನಾನು ಹೇಗೆ ಓಡಿದೆನೋ, ಒಬ್ಬಳೇ ಆ ಬಾಗಿಲನ್ನು ಹೇಗೆ ಎಳೆದೆನೋ. ಬಿಸಿ ಹಬೆ ಹೊಡೆಯಿತು. ಒಳಗೆ ನುಗ್ಗಿ ಕ್ರೇಟಿನ ಸಾಲುಗಳ ನಡುವೆ ಹೆಸರು ಹಿಡಿದು ಕೂಗಿದೆ. ಸಾಲುಗಳ ಹಿಂದೆ ನೋಡಿದೆ, ಕೂಲರಿನ ಕೆಳಗೆ ನೋಡಿದೆ, ಗೋಡೆ ಮೂಲೆಗಳನ್ನು ಕೈಯಿಂದ ತಡವಿದೆ. ಯಾರೂ ಇರಲಿಲ್ಲ. ಏಣಿಯೂ ಇರಲಿಲ್ಲ. ಕಾಲಿಗೆ ರಸ ಅಂಟುತ್ತಿತ್ತು.

ಸದ್ದು ಕೇಳಿ ನಾಗರೆಡ್ಡಿಯವರು ಬಂದರು. ಒಂದು ಹಣ್ಣು ಎತ್ತಿಕೊಂಡರು. ಬೆರಳು ಸಿಪ್ಪೆಯೊಳಕ್ಕೆ ಹೋಯಿತು.

"ಇಡೀ ಕೋಣೆ ಹೋಯ್ತಲ್ಲಮ್ಮಾ. ಇಲ್ದೇ ಇರೋ ಮನುಷ್ಯನಿಗೆ ಕಾದು ಕಾದು."

 ನಾನು ಬಾಬಾಜಾನರಿಗೆ ಫೋನು ಮಾಡುತ್ತಿದ್ದೆ. ಒಂದು ಸಲ ಪೂರ್ತಿ ರಿಂಗಾಗಿ ನಿಂತಿತು. ಎರಡನೆಯ ಸಲ ಎತ್ತಿದರು. ಹಿಂದೆ ಪಾತ್ರೆಗಳ ಸದ್ದು, ಮಕ್ಕಳ ಗಲಾಟೆ.

"ಭಾಯ್, ಎಲ್ಲಿದ್ದೀರಾ?"

"ಮನೇಲಮ್ಮಾ. ತಮ್ಮನ ಮಗಳ ಮದುವೆ ಅಲ್ವಾ ನಿನ್ನೆ, ಇವತ್ತು ರಜಾ ಹೇಳಿದ್ನಲ್ಲಾ. ಈಗ ತಿಂಡಿಗೆ ಕೂತಿದ್ದೀನಿ. ಯಾಕೆ, ಏನಾಯ್ತು?"

ಶನಿವಾರ ಹೊರಡುವ ಗಡಿಬಿಡಿಯಲ್ಲಿ ಫ್ಯೂಸು ಹಾಕಿದ್ದರು, ಫೋನಿನಲ್ಲಿ ಕೋಣೆ ಬಿಡುವುದನ್ನು ಮರೆತಿದ್ದರು. ನಾಗರೆಡ್ಡಿಯವರು ಕೈ ಮುಂದೆ ಚಾಚಿಕೊಂಡು ನನ್ನ ಎದುರೇ ನಿಂತಿದ್ದರು. ಮೊಣಕೈವರೆಗೆ ರಸ ಇಳಿಯುತ್ತಿತ್ತು.

"ಏನಿಲ್ಲ ಭಾಯ್," ಎಂದೆ. "ತಿಂಡಿ ತಿನ್ನಿ."